ಅಚ್ಚಣ್ಣನ ಅಚ್ಚು, ಸರ್ವರಕ್ಕನ ಸರ್ವರು

ಮಗಳು ಮದುವೆಯಾಗಬೇಕೆಂದುಕೊಂಡಿರುವ ಹುಡುಗ ಅಚ್ಚಣ್ಣನ ಮಗ ಎಂದು ಗೊತ್ತಾದಾಗ ಸರ್ವರಕ್ಕ ಒರೆಸುತ್ತಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, "ಯಾವ ಅಚ್ಚಣ್ಣ?" ಎಂದು ಕೇಳಿದಳು. ಊರಲ್ಲಿ ಇನ್ನೊಬ್ಬ ಅಚ್ಚಣ್ಣ ಇರಲಿ ಎಂದು ಆ ಗಳಿಗೆಯಲ್ಲಿ ಅವಳು ಬೇಡಿಕೊಂಡಷ್ಟು ತೀವ್ರವಾಗಿ ಜೀವನದಲ್ಲಿ ಬೇರೇನನ್ನೂ ಬೇಡಿಕೊಂಡಿರಲಿಲ್ಲ.

ಇನ್ನೊಬ್ಬ ಇರಲಿಲ್ಲ. ಇದ್ದವನು ಅವಳ ಕಾಲೇಜಿನವನೇ.

ನರ್ಸಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗವೆಂದರೆ ಒಂದೇ ಕಾರಿಡಾರಿನ ಎರಡು ತುದಿಯ ಎರಡು ಕೋಣೆ. ಒಂದು ತುದಿಯಲ್ಲಿ ಸರ್ವರುಗಳನ್ನು ನೋಡಿಕೊಳ್ಳುವ ಇವಳು; ಹಾಗಾಗಿ ಪ್ರಿನ್ಸಿಪಾಲರಿಂದ ಹಿಡಿದು ತೋಟದವನವರೆಗೆ ಎಲ್ಲರಿಗೂ ಸರ್ವರಕ್ಕ. ಇನ್ನೊಂದು ತುದಿಯಲ್ಲಿ ಹೊಸ ಕಂಪ್ಯೂಟರುಗಳನ್ನು ಸಿದ್ಧಪಡಿಸುವವನು. ಅವನು ಒಂದು ಕಂಪ್ಯೂಟರನ್ನು ತೆಗೆದುಕೊಂಡು, ಬೇಕಾದ ಪ್ರೋಗ್ರಾಮುಗಳನ್ನೆಲ್ಲ ಹಾಕಿ, ತಿದ್ದಿ ತೀಡಿ, ಆಮೇಲೆ ಅದರ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ನಕಲು ತೆಗೆದು ಉಳಿದ ಕಂಪ್ಯೂಟರುಗಳಿಗೆಲ್ಲ ಇಳಿಸುತ್ತಿದ್ದ. ಆ ನಕಲನ್ನು ಎಲ್ಲರೂ ಇಮೇಜ್ ಎಂದರೆ ಅವನು ಮಾತ್ರ ಅಚ್ಚು ಎನ್ನುತ್ತಿದ್ದ. ಹೀಗೆ ಅವನು ಅಚ್ಚಣ್ಣನಾದ.

ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಶುರುವಾದದ್ದು ಒಂದು ಮೀಟಿಂಗಿನಲ್ಲಿ. ಕಂಪ್ಯೂಟರುಗಳು ಯಾಕೆ ನಿಧಾನ ಎಂದು ಪ್ರಿನ್ಸಿಪಾಲ್ ಮೇಡಂ ಕೇಳಿದ್ದಕ್ಕೆ ಅವನು ಸರ್ವರಿನ ಕಡೆ ಬೆರಳು ತೋರಿಸಿದ. ಅವಳು, ಅಚ್ಚೇ ಸೊಟ್ಟ ಇದ್ದರೆ ಸರ್ವರೇನು ಮಾಡೀತು ಎಂದಳು. ಅಂದಿನಿಂದ ಮುಖಾಮುಖಿ ಮಾತು ನಿಂತು, ಏನಿದ್ದರೂ ಒಂದೊಂದು ಸಾಲಿನ ಮೇಲ್. ಮಾತಿನಲ್ಲಿ ಆಡಲಾಗದ್ದನ್ನೆಲ್ಲ ಇಬ್ಬರೂ ಮನೆಗೆ ಹೊತ್ತೊಯ್ದು ಊಟದ ಹೊತ್ತಿನಲ್ಲಿ ಇಳಿಸುತ್ತಿದ್ದರು.

ಮದುವೆಗೆ ಕಾರಣವಾದದ್ದೂ ಅದೇ ಎನ್ನಬೇಕು. ಕಾಲೇಜಿನ ರಕ್ತದಾನ ಶಿಬಿರಕ್ಕೆ ಸಿಬ್ಬಂದಿಯ ಮನೆಯವರೂ ಬಂದಿದ್ದರು. ನಕ್ಷೆ ಬರೆಯುವ ಕೆಲಸದಲ್ಲಿದ್ದ ಮಗಳು ಸಾಲಿನಲ್ಲಿ ನಿಂತು, ತನ್ನ ಪಕ್ಕದಲ್ಲಿದ್ದ ಗಣಿತದ ಮೇಷ್ಟರ ಹತ್ತಿರ, ನಮ್ಮನೇಲಿ ದಿನಾ ರಾತ್ರಿ ಅಚ್ಚಣ್ಣ ಅನ್ನೋರನ್ನ ಹುರಿದು ಮುಕ್ಕುತ್ತಾರೆ ಎಂದು ಹೇಳಿಕೊಂಡು ನಕ್ಕಳು. ಮೇಷ್ಟರು ಅವಳ ಕಡೆ ತಿರುಗಿ, ನಮ್ಮನೇಲಿ ಸರ್ವರಕ್ಕ ಅನ್ನೋರನ್ನ ಅಂದರು. ಇಬ್ಬರೂ ನಗುತ್ತ ರಕ್ತ ಕೊಟ್ಟು, ಬಿಸ್ಕತ್ತು ತಿಂದು, ಆಮೇಲೆ ಒಬ್ಬರನ್ನೊಬ್ಬರು ಬಿಡಲಿಲ್ಲ.

ವಿಷಯ ತಿಳಿದ ಮೇಲೆ ಎರಡು ಮನೆಗಳಲ್ಲೂ ಸ್ವಲ್ಪ ಗುಡುಗಿತು. ಮಳೆ ಬರಲಿಲ್ಲ. ಸರ್ವರಕ್ಕನ ಗಂಡ ಕನ್ನಡಕದ ಅಂಗಡಿಯವನು. ಜನರ ಕಣ್ಣಿಗೆ ಬೇರೆ ಬೇರೆ ಗಾಜು ಹಿಡಿದು ಈಗ ಹೇಗೆ ಕಾಣುತ್ತೆ, ಈಗ ಹೇಗೆ ಎಂದು ತಾಳ್ಮೆಯಿಂದ ಕೇಳಿ ಅಭ್ಯಾಸವಾದವನು. ಅವನು ಹೆಂಡತಿಯನ್ನೂ ಹಾಗೇ ಕೇಳಿದ. ಹುಡುಗ ಹೇಗೆ? ಒಳ್ಳೆಯವನು. ಮಗಳು ಹೇಗಿದ್ದಾಳೆ? ಖುಷಿಯಾಗಿದ್ದಾಳೆ. ಹಾಗಾದರೆ ಮಸುಕಾಗಿ ಕಾಣುತ್ತಿರುವುದು ಒಬ್ಬರೇ ತಾನೇ? ಮುಂದಿನ ಭಾನುವಾರ ಸಂಜೆ ಅಚ್ಚಣ್ಣನ ಮನೆಯವರೆಲ್ಲ ಇಲ್ಲಿಗೆ ಊಟಕ್ಕೆ ಬರುವುದೆಂದು ನಿಶ್ಚಯವಾಯಿತು. ಮಗಳು ಅಮ್ಮನ ಎರಡೂ ಕೈ ಹಿಡಿದು, ಅವರನ್ನು ಒಂದು ಮಾತೂ ಅನ್ನಕೂಡದೆಂದು ಭಾಷೆ ತೆಗೆದುಕೊಂಡಳು.

ಆ ಭಾನುವಾರ ಬೆಳಿಗ್ಗೆ ಸರ್ವರಕ್ಕ ಪರದೆ ಬದಲಾಯಿಸಲು ಸ್ಟೂಲು ಹತ್ತಿದ್ದಾಗ ಪ್ರಿನ್ಸಿಪಾಲ್ ಮೇಡಂ ಫೋನ್ ಮಾಡಿದರು. ಸೋಮವಾರ ಬೆಳಿಗ್ಗೆ ಹೊಸ ಪರೀಕ್ಷಾ ಕೋಣೆಯಲ್ಲಿ ವರ್ಷದ ದೊಡ್ಡ ಪರೀಕ್ಷೆ. ಹೊಸ ಕಂಪ್ಯೂಟರುಗಳಿಗೆಲ್ಲ ಅಚ್ಚು ಇಳಿಸಿಯಾಗಿದೆ, ಆದರೆ ಡೊಮೇನಿಗೆ ಸೇರುತ್ತಿಲ್ಲ.

ಕಾಲೇಜಿನ ಡೊಮೇನಿಗೆ, ಅಂದರೆ ಸರ್ವರಿನ ಕೈಕೆಳಗಿನ ಕಂಪ್ಯೂಟರುಗಳ ಕೂಟಕ್ಕೆ, ಸೇರಿದ ಕಂಪ್ಯೂಟರಿನಲ್ಲಿ ಮಾತ್ರ ವಿದ್ಯಾರ್ಥಿನಿಯೊಬ್ಬಳು ತನ್ನ ಹೆಸರು, ಗುಪ್ತಪದ ಹಾಕಿ ಒಳಗೆ ಹೋಗಬಹುದು. ಯಾರು ಬಂದರು, ಅವರು ಕಾಲೇಜಿನವರೇ ಎಂದು ಸರ್ವರು ನೋಡಿ ಹೇಳಬೇಕು. ಸೇರದ ಕಂಪ್ಯೂಟರಿಗೆ ಸರ್ವರಿನ ಪರಿಚಯವೇ ಇಲ್ಲ. ಪರೀಕ್ಷೆಯ ಮಟ್ಟಿಗೆ ಅದು ಬರೀ ಡಬ್ಬ.

"ಒಂದಷ್ಟು ಸೇರ್ತಿವೆ, ಒಂದಷ್ಟು ಸೇರ್ತಿಲ್ಲ. ಅಚ್ಚಣ್ಣ ಬೆಳಗ್ಗೆಯಿಂದ ಒದ್ದಾಡ್ತಿದಾರೆ. ನೀವೂ ಬಂದ್ಬಿಡಿ" ಎಂದರು ಮೇಡಂ. ಆಮೇಲೆ ಸ್ವಲ್ಪ ತಡೆದು, ದಯವಿಟ್ಟು ಜಗಳ ಬೇಡ ಎಂದೂ ಸೇರಿಸಿದರು.

ಗಂಡ ಪರದೆಯನ್ನು ಅವಳ ಕೈಯಿಂದ ತೆಗೆದುಕೊಂಡ. ಅಡುಗೆ, ಮನೆ ಎಲ್ಲ ನಾನು ನೋಡ್ಕೋತೀನಿ, ನೀನು ನಾಲಿಗೆಯನ್ನೊಂದು ನೋಡ್ಕೋ ಎಂದ.

ಪರೀಕ್ಷಾ ಕೋಣೆ ಮೊದಲು ಶುಶ್ರೂಷೆ ಕಲಿಸುವ ಕೋಣೆಯಾಗಿತ್ತು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕೂತರೆ ಎದ್ದರೆ ಚರಪರ ಎನ್ನುತ್ತಿತ್ತು. ಅಭ್ಯಾಸದ ಗೊಂಬೆ ರೋಗಿಗಳಿಗೆ ಬೇರೆ ಜಾಗ ಸಿಕ್ಕಿರಲಿಲ್ಲವಾದ್ದರಿಂದ ಅವು ಹಿಂದಿನ ಗೋಡೆಯುದ್ದಕ್ಕೂ ಮಂಚಗಳ ಮೇಲೆ, ಕುತ್ತಿಗೆವರೆಗೆ ಚಾದರ ಹೊದ್ದು, ಸೂರು ನೋಡುತ್ತ ಮಲಗಿದ್ದವು. ಅವುಗಳ ಮುಂದೆ ಸಾಲು ಸಾಲು ಕಂಪ್ಯೂಟರುಗಳು. ಅಚ್ಚಣ್ಣ ಮೊದಲನೆಯ ಸಾಲಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದವನು ಅವಳನ್ನು ಕಂಡದ್ದೇ ದಡಬಡಿಸಿ ಎದ್ದ.

"ಬನ್ನಿ ಬನ್ನಿ. ಭಾನುವಾರ ನಿಮಗೆ ಸುಮ್ಮನೆ ತೊಂದರೆ ಕೊಟ್ಟ ಹಾಗಾಯ್ತು" ಎಂದ.

ಇಷ್ಟು ವರ್ಷಗಳಲ್ಲಿ ಅವನು ಅವಳಿಗೆ ಬನ್ನಿ ಎಂದದ್ದೇ ಇಲ್ಲ. ಅವನಿಗೂ ಮನೆಯಲ್ಲಿ ಪಾಠ ಆಗಿದೆ ಎಂದು ಗೊತ್ತಾಯಿತು. ಆಗಿತ್ತು ಕೂಡ. ಈಜು ಕಲಿಸುವ ಅವನ ಹೆಂಡತಿಗೆ ಕೊಳದ ಆಚೆ ದಡದವರೆಗೆ ಕೇಳುವ ಗಂಟಲು. ಬಾಯಿ ಬಿಟ್ಟರೆ ಹುಷಾರು ಎಂದು ಅವಳು ಹೇಳಿದ್ದು ಅಕ್ಕಪಕ್ಕದ ಮನೆಗಳಿಗೂ ಕೇಳಿಸಿತ್ತು.

ಸರ್ವರಕ್ಕ ಕೂತಳು. ಕುರ್ಚಿ ಚರಪರ ಎಂದಿತು. ನಿಮ್ಮ ಅಚ್ಚಿನಲ್ಲಿ ಏನೂ ಇರಲಿಕ್ಕಿಲ್ಲ, ನನ್ನ ಸರ್ವರೇ ಏನೋ ರಗಳೆ ತೆಗೆದಿರಬೇಕು ಎಂದಳು. ಅವನು ಕಿವಿ ಮುಟ್ಟಿಕೊಳ್ಳುವುದೊಂದು ಬಾಕಿ. ನಿಮ್ಮ ಸರ್ವರು ಬಂಗಾರದಂಥದ್ದು, ತಪ್ಪೇನಿದ್ದರೂ ನನ್ನ ಅಚ್ಚಿನದೇ ಎಂದ. ಹಾಗೆನ್ನಬೇಡಿ ಎಂದು ಇವಳು. ಇಲ್ಲ ಇಲ್ಲ ಎಂದು ಅವನು. ಬಾಗಿಲಲ್ಲಿ ನಿಂತಿದ್ದ ಪ್ರಿನ್ಸಿಪಾಲ್ ಮೇಡಂ ಬೀಗದ ಕೈ ಗೊಂಚಲನ್ನು ಕುಲುಕುವುದನ್ನೂ ನಿಲ್ಲಿಸಿ ಇಬ್ಬರನ್ನೂ ಮಿಕಿಮಿಕಿ ನೋಡಿದರು. ಇವರಿಬ್ಬರೂ ಇಷ್ಟು ನಯವಾಗಿ ಮಾತಾಡುತ್ತಿದ್ದಾರೆಂದರೆ ಆಗಿರುವುದು ತುಂಬ ದೊಡ್ಡ ಅನಾಹುತವೇ ಇರಬೇಕೆಂದು ಅವರಿಗೆ ದಿಗಿಲಾಯಿತು.

ಹೀಗೆ ಕೆಲಸ ಶುರುವಾಯಿತು, ಮುಂದೆ ಮಾತ್ರ ಹೋಗಲಿಲ್ಲ. ಪ್ರತಿಯೊಬ್ಬರೂ ತಮ್ಮ ತಪ್ಪನ್ನೇ ಹುಡುಕಲು ಹೊರಟಿದ್ದರು. ಎದುರಿನವರನ್ನು ಒಂದು ಪ್ರಶ್ನೆ ಕೇಳುವುದೂ ಬೇಡವೆನ್ನುವಷ್ಟು ಮರ್ಯಾದೆ. ಅವಳು ತನ್ನ ಕೋಣೆಗೆ ಹೋಗಿ ಸರ್ವರಿನ ಗಡಿಯಾರ ನೋಡಿದಳು, ಏಕೆಂದರೆ ಕಂಪ್ಯೂಟರಿನ ಸಮಯ ಮತ್ತು ಸರ್ವರಿನ ಸಮಯ ಹೊಂದದಿದ್ದರೆ ಡೊಮೇನು ಒಳಗೆ ಬಿಡುವುದಿಲ್ಲ. ಎರಡೂ ಸರಿಯಿದ್ದವು. ಸೇರಿಸುವ ಅಧಿಕಾರದ ಗುಪ್ತಪದ ಹಳತಾಗಿದೆಯೇ ನೋಡಿದಳು. ಇರಲಿಲ್ಲ. ಸರ್ವರನ್ನೇ ಒಂದು ಸಲ ಆರಿಸಿ ಹೊತ್ತಿಸಿದಳು. ಅತ್ತ ಅವನು ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ಪ್ರೋಗ್ರಾಮನ್ನು ಬದಲಾಯಿಸಿದ, ವೈರುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದ, ಎರಡು ಕಂಪ್ಯೂಟರಿಗೆ ಒಂದೇ ಹೆಸರು ಬಿದ್ದಿದೆಯೇನೋ ಎಂದು ಒಂದೊಂದನ್ನೂ ತೆರೆದು ನೋಡಿದ. ಎಲ್ಲ ಸರಿಯಾಗಿಯೇ ಇತ್ತು. ಆದರೂ ಸೇರಿಸಲು ಹೋದರೆ ದಾರಿ ಸಿಗಲಿಲ್ಲ ಎಂಬ ಚೌಕಟ್ಟು ತೆರೆಯ ಮೇಲೆ ಬಂದು ಕೂರುತ್ತಿತ್ತು.

ತಲೆಕೆಡಿಸುತ್ತಿದ್ದುದು ಮಾತ್ರ ಬೇರೆ. ಸೇರಲ್ಲ ಎಂದ ಕಂಪ್ಯೂಟರೇ ಇನ್ನೊಮ್ಮೆ ಒತ್ತಿದರೆ ಕೆಲವು ಸಲ ಸೇರಿಬಿಡುತ್ತಿತ್ತು. ಅಚ್ಚಣ್ಣ ಹಾಗೇ ಒತ್ತಿ ಒತ್ತಿ ಒಂದು ಸಾಲನ್ನು ಒಳಗೆ ಹಾಕಿದ್ದ. ಮೇಡಂಗೆ ಸಮಾಧಾನವಾಯಿತು, ಹಾಗಾದರೆ ಉಳಿದವನ್ನೂ ಹಾಗೇ ಒತ್ತಿಬಿಡಿ ಎಂದರು. ಬೇರೆ ದಿನವಾಗಿದ್ದರೆ ಸರ್ವರಕ್ಕ, ಇದೇನು ಕೈಪಂಪೇ, ನೀರು ಬರುವವರೆಗೆ ಒತ್ತುತ್ತಿರಲು ಎಂದು ಕೇಳಿಯೇ ಕೇಳುತ್ತಿದ್ದಳು. ಇಂದು ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಉಗುಳಿನೊಂದಿಗೆ ನುಂಗಿ, ತುಂಬ ತಾಳ್ಮೆ ನಿಮಗೆ ಎಂದು ಅವನನ್ನು ಹೊಗಳಿದಳು. ಅವನು ಹೊಗಳಿಕೆ ಕೇಳಿ ಬೆವರು ಒರೆಸಿಕೊಂಡ.

ಮಧ್ಯಾಹ್ನ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಬ್ರೆಡ್ಡು ತಿಂದರು. ಗಂಡನ ಫೋನ್ ಬಂತು. ಮನೆ ಒಪ್ಪ ಮಾಡಿ ಆಯಿತಂತೆ, ಅನ್ನಕ್ಕೆ ಅಕ್ಕಿ ತೊಳೆದಿಟ್ಟಾಯಿತಂತೆ, ಮಗಳು ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದಾಳಂತೆ. ಹೇಗಿದೆ ಅಲ್ಲಿ ಎಂದು ಕೇಳಿದ. ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಮರ್ಯಾದೆಯಾಗಿದ್ದರೆ ನನಗೆ ಜ್ವರ ಬರುತ್ತೆ ಎಂದು ಅವಳು ಪಿಸುಗುಟ್ಟಿದಳು.

ಊಟವಾದ ಮೇಲೆ ಅವಳು ಒಂದು ನಿರ್ಧಾರಕ್ಕೆ ಬಂದಳು. ಊಹೆ ಮಾಡಿದ್ದು ಸಾಕು. ಸೋತ ಕಂಪ್ಯೂಟರು ಸರ್ವರಿಗೆ ಏನು ಹೇಳಿತು, ಸರ್ವರು ಅದಕ್ಕೆ ಏನೆಂದಿತು, ಅದನ್ನೇ ನೋಡೋಣ. ಕಾಲೇಜಿನಲ್ಲಿ ಅಂಥ ಸರ್ವರುಗಳು ಎರಡಿದ್ದವು. ದೊಡ್ಡದು ಅವಳ ಕೋಣೆಯಲ್ಲಿ. ಅದು ಕೆಟ್ಟರೆ ಇರಲಿ ಎಂದು ಅದರ ಜೋಡಿ ಗ್ರಂಥಾಲಯದ ಕಟ್ಟಡದಲ್ಲಿ. ಬಂದ ಕಂಪ್ಯೂಟರು ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳುತ್ತದೆ. ಅವಳು ಮೊದಲು ಸೇರಿದವುಗಳ ಹೆಜ್ಜೆ ಹುಡುಕಿದಳು. ಎಲ್ಲವೂ ಗ್ರಂಥಾಲಯದ ಸರ್ವರಿನಲ್ಲಿದ್ದವು. ದೊಡ್ಡ ಸರ್ವರಿನ ಮೂಲಕ ಒಂದೇ ಒಂದು ಕಂಪ್ಯೂಟರೂ ಸೇರಿರಲಿಲ್ಲ. ಅಷ್ಟೇ ಅಲ್ಲ, ಸೋತವು ಅಲ್ಲಿಗೆ ಬಂದು ಬೈಸಿಕೊಂಡು ಹೋದ ಗುರುತೂ ಇರಲಿಲ್ಲ. ಬಾಗಿಲು ತಟ್ಟಿಯೇ ಇರಲಿಲ್ಲ.

ಹಾಗಾದರೆ ಅವು ಹೋದದ್ದಾದರೂ ಎಲ್ಲಿಗೆ?

ಅವಳು ಪರೀಕ್ಷಾ ಕೋಣೆಗೆ ಬಿರಬಿರನೆ ಬಂದು, ಸೇರದ ಒಂದು ಕಂಪ್ಯೂಟರಿನ ಮುಂದೆ ಕೂತು, ಮೊದಲು ಕಾಲೇಜಿನ ಕಂಪ್ಯೂಟರುಗಳ ವಿಳಾಸ ಹೇಳುವ ಸೇವೆಯನ್ನು ಕೇಳಿದಳು: ದೊಡ್ಡ ಸರ್ವರಿನ ವಿಳಾಸ ಯಾವುದು? ಸರಿಯಾದ ಅಂಕಿಗಳೇ ಬಂದವು. ಆಮೇಲೆ ಅದೇ ಕಂಪ್ಯೂಟರಿನಿಂದ ಸರ್ವರನ್ನು ಅದರ ಹೆಸರು ಹಿಡಿದು ಕರೆದು ನೋಡಿದಳು. ಉತ್ತರವಿಲ್ಲ. ಕರೆ ಹೋದ ವಿಳಾಸವನ್ನು ತೆರೆ ತೋರಿಸುತ್ತಿತ್ತು, ಅದು ಬೇರೆಯೇ ಇತ್ತು. ಕಾಲೇಜಿನಲ್ಲಿ ಯಾವ ಕೋಣೆಗೂ ಅವಳು ಕೊಡದ ಅಂಕಿಗಳು. ಪಕ್ಕದ ಕಂಪ್ಯೂಟರಿನಲ್ಲಿ ನೋಡಿದಳು, ಅಲ್ಲೂ ಅದೇ. ಅದರಾಚೆಯದರಲ್ಲೂ ಅದೇ.

ಹೊರಗೆ ಕೇಳಿದರೆ ಸರಿಯಾದ ವಿಳಾಸ. ಕಂಪ್ಯೂಟರು ತಾನೇ ಹೊರಟರೆ ತಪ್ಪು ವಿಳಾಸ. ಅಂದರೆ ಒಳಗೇ ಯಾವುದೋ ಸುಳ್ಳು ಕೂತಿದೆ. ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಸುಳ್ಳು ಇದ್ದರೆ ಅದು ಬಂದದ್ದು ಒಂದೇ ಕಡೆಯಿಂದ. ಅವಳಿಗೆ ಅದು ಹಗಲಿನಷ್ಟು ನಿಚ್ಚಳವಾಯಿತು. ಹೇಳುವುದು ಹೇಗೆ ಎಂಬುದೇ ಕಷ್ಟವಾಯಿತು. ಸಂಜೆ ತನ್ನ ಮನೆಯಲ್ಲಿ ಊಟಕ್ಕೆ ಕೂರಬೇಕಾದವನು, ನಾಳೆ ತನ್ನ ಮಗಳ ಮಾವ ಆಗಬೇಕಾದವನು, ಈಗ ಮೇಜಿನ ಕೆಳಗೆ ಮಂಡಿಯೂರಿ ವೈರು ಎಣಿಸುತ್ತಿದ್ದ.

"ಏನಿಲ್ಲ, ಸುಮ್ಮನೆ ಒಂದು ಅನುಮಾನ" ಎಂದು ಶುರುಮಾಡಿದಳು. "ಬಹುಶಃ ಎಲ್ಲೋ ಒಂದು ಕಡೆ, ಹೇಗೋ ಏನೋ ಸ್ವಲ್ಪ..."

"ಹೌದು ಹೌದು, ವೈರೇ ಇರ್ಬೇಕು" ಎಂದು ಮೇಜಿನ ಕೆಳಗಿಂದ ಉತ್ತರ ಬಂತು. "ಎಲ್ಲ ಒಂದ್ಸಲ ಕಿತ್ತು ಹಾಕ್ತೀನಿ. ನೀವು ಆಯಾಸ ಮಾಡ್ಕೋಬೇಡಿ."

ಅವನು ಮುಂದಿನ ಮೇಜಿಗೆ ತೆವಳಿದ. ಅವಳು ಇನ್ನೊಂದು ಸಲ, ಇನ್ನೂ ಸುತ್ತುಬಳಸಿ ಹೇಳಿದಳು. ಅವನು ಇನ್ನೂ ವಿನಯವಾಗಿ ಒಪ್ಪಿಕೊಂಡು ಅದರಾಚೆಯ ಮೇಜಿಗೆ ತೆವಳಿದ. ಕಿಟಕಿಯ ಬಿಸಿಲು ಗೊಂಬೆ ರೋಗಿಗಳ ಚಾದರದವರೆಗೆ ಸರಿದಿತ್ತು. ಸರ್ವರಕ್ಕ ಮಗಳ ಮುಖವನ್ನು ನೆನೆದಳು, ನಾಳೆ ಬೆಳಿಗ್ಗೆ ಈ ಕುರ್ಚಿಗಳಲ್ಲಿ ಬಂದು ಕೂರುವ ಹುಡುಗಿಯರ ಮುಖಗಳನ್ನು ನೆನೆದಳು, ಮತ್ತೆ ಮೇಜಿನ ಕೆಳಗಿನಿಂದ ಚಾಚಿಕೊಂಡಿದ್ದ ಆ ಎರಡು ಪಾದಗಳನ್ನು ನೋಡಿದಳು. ತಾಳ್ಮೆ ಅಲ್ಲಿಗೆ ಮುಗಿಯಿತು.

"ರೀ ಸ್ವಾಮಿ, ಆ ವೈರು ಬಿಟ್ಟು ಈಚೆ ಬನ್ನಿ. ವೈರೂ ಅಲ್ಲ, ನನ್ನ ಸರ್ವರೂ ಅಲ್ಲ. ನಿಮ್ಮ ಅಚ್ಚು. ಅಚ್ಚಲ್ಲೇ ಸುಳ್ಳಿದೆ."

ಠಣ್ ಎಂದು ತಲೆ ಮೇಜಿಗೆ ಬಡಿದ ಸದ್ದಾಯಿತು. ಸರ್ವರಕ್ಕ ಕಣ್ಣು ಮುಚ್ಚಿಕೊಂಡಳು. ಮಗಳಿಗೆ ಕೊಟ್ಟ ಭಾಷೆ ಹೋಯಿತು, ಸಂಬಂಧ ಹೋಯಿತು, ತೊಳೆದಿಟ್ಟ ಅಕ್ಕಿ ಯಾರಿಗೆ ಎಂದುಕೊಂಡಳು.

ಅಚ್ಚಣ್ಣ ನೆತ್ತಿ ಉಜ್ಜಿಕೊಳ್ಳುತ್ತ ಹೊರಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬಿಗಿಯಾದ ಬೂಟು ಕಳಚಿದವನ ಮುಖದ ಹಾಗಿತ್ತು.

"ಅಂತೂ ಬೈದ್ರಲ್ಲ" ಎಂದ. "ಬೆಳಗ್ಗೆಯಿಂದ ನೀವು ಹೊಗಳ್ತಾ ಇದ್ರೆ ನನ್ನ ಕೈಕಾಲೇ ಆಡ್ತಿರ್ಲಿಲ್ಲ. ಈಗ ಹೇಳಿ, ಏನು ಸುಳ್ಳು?"

ಅವಳು ತೆರೆಯನ್ನು ಅವನ ಕಡೆ ತಿರುಗಿಸಿದಳು. ಅವನು ಬಗ್ಗಿ ಆ ಅಪರಿಚಿತ ಅಂಕಿಗಳನ್ನು ಓದಿದ. ಇನ್ನೊಮ್ಮೆ ಓದಿದ. ಮೆಲ್ಲಗೆ ಕುರ್ಚಿಯ ಮೇಲೆ ಕೂತ. ಪ್ಲಾಸ್ಟಿಕ್ಕು ಚರಪರ ಎಂದಿತು.

ಆ ಅಂಕಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನೇ ಕೊಟ್ಟದ್ದು. ಅಚ್ಚು ತಯಾರಿಸುವಾಗ ಅದು ಡೊಮೇನಿಗೆ ಸರಿಯಾಗಿ ಸೇರುತ್ತದೆಯೇ ಎಂದು ಮೊದಲೇ ನೋಡಲು ಅವನಿಗೆ ಸರ್ವರಿನಲ್ಲಿ ಒಂದು ಸಣ್ಣ ಜಾಗ ಬೇಕಿತ್ತು. ಸರ್ವರಕ್ಕನಿಗೆ ಬರೆದು ಕೇಳಿದ್ದ. ಸಾಧ್ಯವಿಲ್ಲ ಎಂದು ಅವಳು ಉತ್ತರಿಸಿದ್ದಳು. ಇವಳ ಹಂಗೇ ಬೇಡವೆಂದು ಅವನು ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರೊಂದನ್ನು ಎತ್ತಿ, ಒರೆಸಿ, ಅದನ್ನೇ ಒಂದು ಆಟದ ಸರ್ವರಾಗಿ ನಿಲ್ಲಿಸಿ, ಅದಕ್ಕೆ ಅವಳ ದೊಡ್ಡ ಸರ್ವರಿನ ಹೆಸರನ್ನೇ ಇಟ್ಟಿದ್ದ. ಪ್ರತಿ ಕಂಪ್ಯೂಟರಿನೊಳಗೂ ಒಂದು ಪುಟ್ಟ ಫೈಲು ಇರುತ್ತದೆ. ಅದರಲ್ಲಿ ಒಂದು ಹೆಸರಿಗೆ ಒಂದು ವಿಳಾಸ ಬರೆದಿಟ್ಟರೆ ಕಂಪ್ಯೂಟರು ಅದನ್ನೇ ನಂಬುತ್ತದೆ, ಹೊರಗೆ ವಿಚಾರಿಸುವುದಿಲ್ಲ. ಅಚ್ಚಿನ ಕಂಪ್ಯೂಟರಿನ ಆ ಫೈಲಿನಲ್ಲಿ ಅವನು ಒಂದು ಸಾಲು ಬರೆದಿದ್ದ: ಈ ಹೆಸರಿನ ಸರ್ವರು ಇರುವುದು ಉಗ್ರಾಣದ ಈ ವಿಳಾಸದಲ್ಲಿ. ಪ್ರಯೋಗ ಮುಗಿಯಿತು, ಆಟದ ಸರ್ವರನ್ನು ಬಂದ್ ಮಾಡಿದ, ಸಾಲನ್ನು ಅಳಿಸಲು ಮರೆತ. ಅಚ್ಚಿನ ಜೊತೆ ಆ ಸಾಲೂ ಎಲ್ಲ ಕಂಪ್ಯೂಟರುಗಳಿಗೆ ಇಳಿಯಿತು. ದೊಡ್ಡ ಸರ್ವರನ್ನು ಆರಿಸಿಕೊಂಡ ಕಂಪ್ಯೂಟರುಗಳು ಉಗ್ರಾಣಕ್ಕೆ ಹೋಗಿ, ಅಲ್ಲಿ ಯಾರೂ ಓಗೊಡದೆ ವಾಪಸಾಗುತ್ತಿದ್ದವು. ಗ್ರಂಥಾಲಯದ ಸರ್ವರಿನ ಹೆಸರು ಆ ಸಾಲಿನಲ್ಲಿ ಇರಲಿಲ್ಲವಾದ್ದರಿಂದ ಅದನ್ನು ಆರಿಸಿಕೊಂಡವು ನೆಟ್ಟಗೆ ಹೋಗಿ ಸೇರುತ್ತಿದ್ದವು.

ಇದನ್ನೆಲ್ಲ ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಾಗ ಬೈಯುವ ಸರದಿ ನ್ಯಾಯವಾಗಿ ಸರ್ವರಕ್ಕನದಾಗಿತ್ತು. ಅವಳು ಬಾಯಿ ತೆರೆದಳು ಕೂಡ. ಆದರೆ ಸಾಧ್ಯವಿಲ್ಲ ಎಂದು ತಾನು ಬರೆದದ್ದು ನೆನಪಾಯಿತು. ಅವನು ಕೇಳಿದ್ದು ಬೆಟ್ಟವನ್ನಲ್ಲ. ಕೊಡಲು ಅರ್ಧ ಗಂಟೆಯ ಕೆಲಸವೂ ಇರಲಿಲ್ಲ. ಕೇಳಿದವನು ಅವನು ಎಂಬ ಒಂದೇ ಕಾರಣಕ್ಕೆ ಅವಳು ಕೊಟ್ಟಿರಲಿಲ್ಲ, ಅಂದು ಮನೆಗೆ ಹೋಗಿ ಗಂಡನ ಮುಂದೆ ಅದನ್ನೊಂದು ಗೆಲುವಿನ ಹಾಗೆ ಹೇಳಿಕೊಂಡಿದ್ದಳು.

"ಜಾಗ ನಾನು ಕೊಡ್ಬೇಕಿತ್ತು" ಎಂದಳು.

"ಸಾಲು ನಾನು ಅಳಿಸ್ಬೇಕಿತ್ತು."

"ಅದಂತೂ ಅಳಿಸ್ಬೇಕಿತ್ತು. ಅಷ್ಟು ದೊಡ್ಡ ತಲೆ ಇಟ್ಕೊಂಡು ಒಂದು ಸಾಲು ನೆನಪಿರಲ್ವಾ ನಿಮಗೆ?"

"ನೆನಪಿಡೋಕೆ ಏನು, ಆ ಹಳೇ ಡಬ್ಬ ನಿಮ್ಮ ಸರ್ವರಿಗಿಂತ ಚುರುಕಾಗಿತ್ತು. ಅದನ್ನ ನೋಡಿ ಖುಷಿಯಲ್ಲಿ ಮರ್ತೋಯ್ತು."

ಸರ್ವರಕ್ಕ ಅವನನ್ನು ದುರುಗುಟ್ಟಿ ನೋಡಿದಳು. ಅವನೂ ನೋಡಿದ. ಮೊದಲು ನಕ್ಕವರು ಯಾರೆಂದು ಆಮೇಲೆ ಇಬ್ಬರೂ ವಾದ ಮಾಡುತ್ತಿದ್ದರು. ನಗು ಕೇಳಿ ಓಡಿಬಂದ ಪ್ರಿನ್ಸಿಪಾಲ್ ಮೇಡಂ, ಮಂಚದ ಮೇಲಿನ ಗೊಂಬೆಗಳ ಮುಂದೆ ಇವರಿಬ್ಬರೂ ಹೊಟ್ಟೆ ಹಿಡಿದುಕೊಂಡು ಕೂತಿದ್ದನ್ನು ಕಂಡು, ಪರೀಕ್ಷೆ ಮುಂದೂಡುವುದೇ ಎಂದು ಅಳುಕುತ್ತ ಕೇಳಿದರು. ಬೇಡವೇ ಬೇಡ, ಸಂಜೆಯೊಳಗೆ ಆಗುತ್ತೆ ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ಅಲ್ಲಿಂದ ಮುಂದೆ ಕೆಲಸ ಹಾರಿತು. ಅಚ್ಚನ್ನೇ ತಿದ್ದಿ ಹೊಸದಾಗಿ ಇಳಿಸೋಣವೆಂದು ಅವನು, ಅಷ್ಟು ಹೊತ್ತಿಲ್ಲ, ಇರುವುದರಲ್ಲೇ ಆ ಸಾಲು ಕಿತ್ತರೆ ಸಾಕೆಂದು ಅವಳು. ಇದಕ್ಕೆ ಚೆನ್ನಾಗಿಯೇ ಜಗಳವಾಯಿತು, ಅವಳು ಗೆದ್ದಳು. ಸೇರಿಬಿಟ್ಟಿದ್ದ ಕಂಪ್ಯೂಟರುಗಳನ್ನು ಮುಟ್ಟುವುದು ಬೇಡವೆಂದ ಅವನ ಮಾತನ್ನೂ ಅವಳು ಒಪ್ಪಲಿಲ್ಲ. ಸಾಲು ಅವುಗಳಲ್ಲೂ ಇದೆ, ನಾಳೆ ಪರೀಕ್ಷೆಯ ನಡುವೆ ದೊಡ್ಡ ಸರ್ವರನ್ನು ಹುಡುಕಿಕೊಂಡು ಉಗ್ರಾಣಕ್ಕೆ ಹೋದರೆ ಯಾರು ಕರೆತರುತ್ತಾರೆ ಎಂದಳು. ಅದನ್ನು ಅವನು ಒಪ್ಪಿಕೊಂಡ. ಆದರೆ ಒಂದೊಂದಕ್ಕೂ ಕೈಯಲ್ಲಿ ಟೈಪು ಮಾಡುತ್ತ ಕೂರುವುದು ಬೇಡವೆಂದು ಅವನು ಸಾಲು ಅಳಿಸುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದು ಪೆನ್‌ಡ್ರೈವಿಗೆ ಹಾಕಿದ. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದನೆಂದರೆ ಸರ್ವರಕ್ಕ ಕೊಂಕು ಹುಡುಕಿ ಸೋತು, ಪರವಾಗಿಲ್ಲ ಎಂದಳು. ಬೆಳಗಿನ ಹೊಗಳಿಕೆಗಳನ್ನೆಲ್ಲ ಸೇರಿಸಿದರೂ ಆ ಒಂದು ಪರವಾಗಿಲ್ಲದ ತೂಕ ಬರಲಿಲ್ಲ. ಅವನ ಕಿವಿ ಕೆಂಪಾಯಿತು.

ಅವನು ಮುಂದೆ ಮುಂದೆ ಸಾಲು ಅಳಿಸುತ್ತ ಹೋದ, ಅವಳು ಹಿಂದೆ ಹಿಂದೆ ಡೊಮೇನಿಗೆ ಸೇರಿಸುತ್ತ ಬಂದಳು. ಪ್ರತಿ ಸಲವೂ ತೆರೆಯ ಮೇಲೆ ಸ್ವಾಗತದ ಪುಟ್ಟ ಚೌಕಟ್ಟು ಮೂಡುತ್ತಿತ್ತು. ಮಧ್ಯದ ಸಾಲಿನಲ್ಲಿ ಒಂದು ಕಂಪ್ಯೂಟರು ಮೊಂಡು ಹಿಡಿದಾಗ ಇಬ್ಬರೂ ಅದರ ಮುಂದೆ ಬಗ್ಗಿದರು. ನೋಡಿದರೆ ಅವನು ವೈರು ಎಣಿಸುವ ಭರದಲ್ಲಿ ಅದರದನ್ನು ಮತ್ತೆ ಸಿಕ್ಕಿಸಿರಲಿಲ್ಲ. ಅದಕ್ಕೆ ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ. ಕೊನೆಯ ಕಂಪ್ಯೂಟರೂ ಸೇರಿದ ಮೇಲೆ ಅವಳು ದೊಡ್ಡ ಸರ್ವರಿನಲ್ಲಿ ನೋಡಿ ಬಂದಳು. ಈಗ ಎಲ್ಲವೂ ಅಲ್ಲಿಗೂ ಬಂದು ಬಾಗಿಲು ತಟ್ಟುತ್ತಿದ್ದವು, ಒಳಗೆ ಹೋಗುತ್ತಿದ್ದವು.

ಇಬ್ಬರೂ ಕೈಗಡಿಯಾರ ನೋಡಿಕೊಂಡದ್ದು ಆಗಲೇ. ಮನೆಯವರು ಕೂಡಬೇಕಾದ ಹೊತ್ತು ಮೀರಿ ಹೋಗಿತ್ತು, ಫೋನುಗಳು ಕಾರಿಡಾರಿನ ಕಿಟಕಿಯಲ್ಲಿ ಚಾರ್ಜಿಗೆ ಬಿದ್ದಿದ್ದವು. ಬಸ್ಸಿಗೆ ಕಾಯಲು ಸಮಯವಿರಲಿಲ್ಲ. ಅವಳು ಅವನ ಸ್ಕೂಟರಿನ ಹಿಂದೆ ಕೂತಳು. ಅಡ್ಡರಸ್ತೆಗಳಲ್ಲಿ ಯಾವುದು ಹತ್ತಿರ ಎಂಬ ಬಗ್ಗೆ ಅವರಲ್ಲಿ ಒಮ್ಮತವಿರಲಿಲ್ಲ.

ಇತ್ತ ಮನೆಯಲ್ಲಿ ಮಗಳೂ ಮೇಷ್ಟರೂ ಹೊರಬಾಗಿಲಿನ ಮೆಟ್ಟಿಲ ಮೇಲೆ ಬಾಡಿದ ಮುಖ ಹೊತ್ತು ಕೂತಿದ್ದರು. ಇಬ್ಬರ ಫೋನಿಗೂ ಉತ್ತರವಿಲ್ಲದ್ದು ನೋಡಿ ಅಲ್ಲಿ ಏನಾಗಿರಬಹುದೆಂದು ಊಹಿಸಿ ಊಹಿಸಿ ಸೋತಿದ್ದರು. ಒಳಗೆ ಮಾತ್ರ ಕಥೆ ಬೇರೆ. ಕನ್ನಡಕದವನು ಅಚ್ಚಣ್ಣನ ಹೆಂಡತಿಯನ್ನು, ಆ ಈಜಿನ ಅಮ್ಮನನ್ನು, ಗೋಡೆಯ ಕ್ಯಾಲೆಂಡರಿನ ಎದುರು ನಿಲ್ಲಿಸಿ ಕಣ್ಣು ಪರೀಕ್ಷಿಸುತ್ತಿದ್ದ, ಆಕೆ ಅಂಕಿಗಳನ್ನು ಬೀದಿಯ ಕೊನೆಗೆ ಕೇಳುವಂತೆ ಓದುತ್ತಿದ್ದಳು. ಅವರಿಬ್ಬರೂ ಆಗಲೇ ಒಂದು ಸುತ್ತು ಟೀ ಮುಗಿಸಿದ್ದರು.

ಸ್ಕೂಟರು ನಿಲ್ಲುವ ಮೊದಲೇ ದನಿಗಳು ಬಂದವು.

"ಆ ಅಚ್ಚನ್ನ ಹಾಗೇ ಇಟ್ಕೊಂಡ್ರೆ ಮುಂದಿನ ಸಲ ಮತ್ತೆ ಇದೇ ಗತಿ. ನಾಳೆನೇ ತಿದ್ದಬೇಕು."

"ತಿದ್ದೋದು ನಂಗೊತ್ತು. ನೀವು ಮೊದಲು ಜಾಗ ಕೊಡಿ, ಆಮೇಲೆ ಬುದ್ಧಿ ಹೇಳಿ."

"ಕೊಡ್ತೀನಿ ಅಂದ್ನಲ್ಲ. ಬೆಳಿಗ್ಗೆ ನನ್ನ ರೂಮಿಗೆ ಬನ್ನಿ, ಕೂತು ಮಾಡೋಣ. ಆ ಡಬ್ಬನೂ ತನ್ನಿ, ಎಷ್ಟು ಚುರುಕಾಗಿದೆ ನಾನೂ ನೋಡ್ತೀನಿ."

ಮಗಳು ಎದ್ದು ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು. "ಅಮ್ಮಾ, ನೀನು ಭಾಷೆ ಕೊಟ್ಟಿದ್ದೆ" ಎಂದಳು.

ಸರ್ವರಕ್ಕ ಮಗಳನ್ನೂ ಅವನನ್ನೂ ನೋಡಿ ತಬ್ಬಿಬ್ಬಾದಳು. ಉತ್ತರ ಕೊಟ್ಟವನು ಅಚ್ಚಣ್ಣ. ಅವನು ಸ್ಕೂಟರಿಗೆ ಸ್ಟಾಂಡು ಹಾಕಿ, ನೆತ್ತಿಯ ಮೇಲೆ ಎದ್ದಿದ್ದ ಬುಗುಟನ್ನು ಮುಟ್ಟಿ ನೋಡಿಕೊಂಡು, ಅವಳ ಹತ್ತಿರ ಬಂದ.

"ಅಳಬೇಡ ತಾಯಿ. ನಿಮ್ಮಮ್ಮ ಮಧ್ಯಾಹ್ನದವರೆಗೂ ಭಾಷೆ ಉಳಿಸ್ಕೊಂಡ್ರು. ಅಷ್ಟು ಹೊತ್ತೂ ಒಂದು ಕೆಲಸವೂ ಆಗ್ಲಿಲ್ಲ. ಅವ್ರು ಬೈದ ಮೇಲೆ ಎಲ್ಲ ಆಯ್ತು. ಇನ್ಮೇಲೆ ಇಂಥ ಭಾಷೆಗೀಷೆ ತಗೋಬೇಡ."

ಮಗಳಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಅಮ್ಮ ನಗು ತಡೆದುಕೊಳ್ಳುತ್ತಿದ್ದುದು ಕಂಡಿತು, ಅಷ್ಟೇ ಸಾಕಾಯಿತು. ಒಳಗಿನಿಂದ ಈಜಿನ ಅಮ್ಮ, ಎಲ್ಲರೂ ಕೈ ತೊಳೆದುಕೊಂಡು ಬನ್ನಿ ಎಂದು ತನ್ನ ಮನೆಯೇ ಎನ್ನುವಂತೆ ಕೂಗಿದಳು. ಅಕ್ಕಪಕ್ಕದ ಮನೆಯವರಲ್ಲಿ ಒಂದಿಬ್ಬರು ತಾವೂ ಕೈ ತೊಳೆದಿದ್ದರೆ ಆಶ್ಚರ್ಯವಿಲ್ಲ.

ಊಟಕ್ಕೆ ಕೂತಾಗ ಮದುವೆಯ ಮಾತು ಬಂತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಎಂದು ನಿಶ್ಚಯವಾಯಿತು, ಸಣ್ಣದಾಗಿ ಮಾಡುವುದೆಂದು ಎಲ್ಲರೂ ಒಪ್ಪಿದರು. ಯಾರ ಕಡೆಯಿಂದ ಎಷ್ಟು ಜನ ಎಂಬಲ್ಲಿ ಮಾತ್ರ ಸರ್ವರಕ್ಕನೂ ಅಚ್ಚಣ್ಣನೂ ತಟ್ಟೆ ಮರೆತು ವಾದಕ್ಕಿಳಿದರು. ಕನ್ನಡಕದವನು ಮಧ್ಯೆ ಬರಲಿಲ್ಲ. ಅವನು ಅನ್ನದ ಪಾತ್ರೆ ಎತ್ತಿಕೊಂಡು ಹೋಗಿ ಅಚ್ಚಣ್ಣನ ಪಕ್ಕದಲ್ಲಿ ನಿಂತು, "ಬೀಗರೇ, ಇವಳ ಜೊತೆ ಮಾತಾಡೋಕೆ ಶಕ್ತಿ ಬೇಕು. ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ" ಎಂದ.

ಅಚ್ಚಣ್ಣ ಬೇಡವೆನ್ನದೆ ತಟ್ಟೆ ಮುಂದೆ ಮಾಡಿದ. ಹಾಕಿಸಿಕೊಂಡು, ಕಲಸಿಕೊಂಡು, ಮತ್ತೆ ಅವಳ ಕಡೆ ತಿರುಗಿ ತನ್ನ ಕಡೆಯ ಜನರ ಲೆಕ್ಕವನ್ನು ಮೊದಲಿಂದ ಶುರುಮಾಡಿದ.